ಇಪ್ಪತ್ತೇಳನೇ ನಂಬರಿನ ಗಂಟೆ

ಮಂಜು ಹಿಡಿದು ಹೊಸ ಕೇಬಲಿನ ಕೀಲುಗಳೆಲ್ಲ ಬೆವರಬಹುದಿತ್ತು. ಕಂಬದ ಮೇಲೆ ತಂತಿ ಕತ್ತರಿಸುವವನು ಹನ್ನೆರಡು ಎಂದುಕೊಂಡು ಇಪ್ಪತ್ತೊಂದನ್ನು ಕತ್ತರಿಸಿ, ಆಸ್ಪತ್ರೆಗೆ ಹೋಗಬೇಕಾದ ಕರೆ ಮರದ ಡಿಪೋಗೆ ಹೋಗಿ ಬೀಳಬಹುದಿತ್ತು. ಏಣಿ ಜಾರಬಹುದಿತ್ತು. ಜಾರುವ ಹೊತ್ತಿಗೆ ಏಣಿಯ ಮೇಲೆ ನಾನೇ ಇರಬಹುದಿತ್ತು. ಹೊಸ ಕಟ್ಟಡದ ಸೂರಿನಲ್ಲಿ ಗೂಡು ಕಟ್ಟಿದ್ದ ಹೆಜ್ಜೇನು ಅದೇ ದಿನ ಏಳಬಹುದಿತ್ತು. ಹಿಂದಿನ ದಿನವಷ್ಟೇ ಎಳೆದಿದ್ದ ವೈರಿನ ಮೇಣದ ರುಚಿಯನ್ನು ಇಲಿಗಳು ನೋಡಿ ಮುಗಿಸಿರಬಹುದಿತ್ತು. ಬೆನ್ನು ಕೆರೆದುಕೊಳ್ಳಲು ಆನೆಯೊಂದು ತೋಟದಾಚೆಯ ಕಂಬಕ್ಕೆ ಒರಗಬಹುದಿತ್ತು. ಹನ್ನೊಂದಕ್ಕೆ ಬರುತ್ತೇನೆಂದ ದೊಡ್ಡ ಸಾಹೇಬರು ಒಂಬತ್ತಕ್ಕೇ ಬಂದು, ತಂತಿಗಳೆಲ್ಲ ಕರುಳಿನ ಹಾಗೆ ಹೊರಗೆ ನೇತಾಡುವಾಗ, "ಇದೇನ್ರೀ?" ಎನ್ನಬಹುದಿತ್ತು. ಊರಿನ ಫೋನುಗಳೆಲ್ಲ ಮೂಕವಾಗಿರುವ ಆ ನಾಲ್ಕು ಗಂಟೆಯೊಳಗೇ ಯಾವುದಾದರೂ ದೊಡ್ಡ ಮನೆಯಲ್ಲಿ ಒಬ್ಬರು ತೀರಿಕೊಳ್ಳಬಹುದಿತ್ತು; ಆ ಮನೆಯವರು ಕೋವಿಯಿಂದ ಎರಡು ಗುಂಡು ಹೊಡೆದು ಸಾವನ್ನು ಸಾರಿದ ಮೇಲೆ, ಮೂರನೆಯದನ್ನು ನನಗಾಗಿ ಇಟ್ಟುಕೊಳ್ಳಬಹುದಿತ್ತು. ಇಷ್ಟೂ ಸಾಲದು ಎಂದು ನನ್ನ ಹೊಟ್ಟೆ ಕೆಡಬಹುದಿತ್ತು. ಅದು ಅಂಥ ದಿನಗಳನ್ನು ಎಂದೂ ಬಿಟ್ಟುಕೊಟ್ಟದ್ದಿಲ್ಲ.

ಇದನ್ನೆಲ್ಲ ನಾನು ಈಗ ಕಟ್ಟಿ ಹೇಳುತ್ತಿಲ್ಲ. ನಮ್ಮ ಪೇಟೆಯ ಟೆಲಿಫೋನ್ ಬೋರ್ಡು ಬದಲಿಸುವ ದಿನಕ್ಕೆ ಮೊದಲೇ ಒಂದು ನೋಟ್‌ಬುಕ್ಕಿನಲ್ಲಿ ನಂಬರು ಹಾಕಿ ಬರೆದಿದ್ದೆ. ಒಟ್ಟು ಮೂವತ್ತೆಂಟು. ಅದರಲ್ಲಿ ಒಂದೂ ನಡೆಯಲಿಲ್ಲ, ಹೊಟ್ಟೆಯೂ ಸೇರಿ. ನಡೆದದ್ದು ಬೇರೆ ಒಂದು ಸಣ್ಣ ಸಂಗತಿ. ಅದನ್ನು ನಾನು ಪಟ್ಟಿಯಲ್ಲಿ ಬರೆದಿರಲಿಲ್ಲ. ಅದನ್ನು ಹೇಳಬೇಕಾದರೆ ಮೊದಲು ಆ ಮನುಷ್ಯನ ವಿಷಯ ಹೇಳಬೇಕು.

ಹೋದ ತಿಂಗಳು ಒಂದು ಕಾರ್ಡು ಬಂತು. ಬರೆದವನು ಅವರ ಊರಿನ ಅಂಗಡಿಯ ಮಲಯಾಳಿ, ಊರಿಗೆಲ್ಲ ಕಾಕ. "ಗೌಡರು ಮಂಗಳವಾರ ಹೋದರು. ಫೋನು ಎರಡು ವಾರದಿಂದ ಕೆಟ್ಟಿದೆ, ಅದಕ್ಕೆ ಕಾರ್ಡು" ಎಂದು ಎರಡೇ ಸಾಲು. ಹೋದದ್ದು ಟೆಲಿಫೋನಿನ ಗೌಡರು. ಆ ಸುದ್ದಿ ಬಂದದ್ದು ಅಂಚೆಯಲ್ಲಿ, ಆರು ದಿನ ತಡವಾಗಿ. ಕಾರ್ಡನ್ನು ಹಿಡಿದುಕೊಂಡು ನಾನು ಮೊದಲು ಯೋಚಿಸಿದ್ದು, ಎರಡು ವಾರ ಆ ಲೈನು ಸತ್ತಿದ್ದಾಗ ಅವರು ಹೇಗೆ ಸುಮ್ಮನಿದ್ದರು ಎಂದು. ಕಂಬ ನೋಡಿಕೊಂಡು ಹೊರಡಲು ಕಾಲು ಬಾರದಷ್ಟು ಸೋತಿದ್ದರೆಂದೇ ಅರ್ಥ. ಹತ್ತು ಹದಿನೈದು ವರ್ಷದಿಂದ ನಾನು ಅವರಲ್ಲಿಗೆ ಹೋಗಬೇಕು ಎಂದುಕೊಳ್ಳುತ್ತಲೇ ಇದ್ದೆ. ವರ್ಗವಾಗಿ ಬಯಲುಸೀಮೆಗೆ ಬಂದ ಮೇಲೆ ದಾರಿ ದೂರವಾಯಿತು. ಅವಸರದಲ್ಲಿ ಮುಖ ತೋರಿಸಿ ಬರುವುದು ಬೇಡ, ಎರಡು ದಿನ ರಜೆ ಹಾಕಿ, ನಿಧಾನವಾಗಿ ಕೂತು ಮಾತಾಡಿ ಬರಬೇಕು ಎಂದಿತ್ತು. ಆ ಎರಡು ದಿನ ಒಟ್ಟಿಗೆ ಸಿಕ್ಕಲೇ ಇಲ್ಲ.

ಗೌಡರು ಎಂದರೆ ಹೆಸರು ಹೇಳಿದಂತಾಗಲಿಲ್ಲ, ನಿಜ. ಆ ಕಡೆ ಬಸ್ಸಿನಲ್ಲಿ "ಗೌಡ್ರೇ" ಎಂದರೆ ಅರ್ಧ ಬಸ್ಸು ತಿರುಗಿ ನೋಡುತ್ತದೆ. ಆದರೆ ನಮ್ಮ ಪೇಟೆಯಲ್ಲಿ ಫೋನಿದ್ದ ನಲವತ್ತೊಂದು ಕಡೆಯೂ ಗೌಡರು ಎಂದರೆ ಅವರೊಬ್ಬರೇ. ಕೊಡಗಿನ ಪಶ್ಚಿಮದ ಮೂಲೆಯವರು, ಮನೆಮಾತು ಅರೆಭಾಷೆ. ನಾನು ಕುಶಾಲನಗರದ ಹತ್ತಿರದವನು. ನಮ್ಮಜ್ಜ ಹಾಸನದ ಕಡೆಯಿಂದ ಬಂದು ಅಲ್ಲಿ ಗದ್ದೆ ಮಾಡಿದವರು. ಆದ್ದರಿಂದ ಅವರ ಲೆಕ್ಕದಲ್ಲಿ ನಾನು ಕೊನೆಯವರೆಗೂ "ಹೊಳೆಯಾಚೆಯವ."

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಒಂದು ವರ್ಷವಾಗಿರಬೇಕು. ಕಚೇರಿಗಳಲ್ಲಿ ಹಳೆಯ ಕಾಗದದ ತಲೆಯ ಮೇಲಿದ್ದ "ಕೊಡಗು ರಾಜ್ಯ" ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ಕೈಯಲ್ಲೇ "ಮೈಸೂರು" ಎಂದು ಬರೆಯುತ್ತಿದ್ದ ಕಾಲ. ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ನಮ್ಮ ಎಕ್ಸ್‌ಚೇಂಜು. ಎಕ್ಸ್‌ಚೇಂಜು ಎಂದರೆ ಗೋಡೆಗೆ ಒರಗಿಸಿದ ಒಂದು ಮರದ ಬೋರ್ಡು, ಅದರ ಮುಂದೆ ಒಂದು ಸ್ಟೂಲು. ಎಲ್ಲೋ ದೊಡ್ಡ ಊರಿನಲ್ಲಿ ಸವೆದು ಬೇಡವಾಗಿ ನಮಗೆ ಬಂದ ಬೋರ್ಡು ಅದು. ಊರಿನವರು ಮನೆಯಲ್ಲಿ ಫೋನಿನ ಹಿಡಿ ತಿರುಗಿಸಿದರೆ ಬೋರ್ಡಿನಲ್ಲಿ ಅವರ ನಂಬರಿನ ಪುಟ್ಟ ಮುಚ್ಚಳ ಟಪ್ಪೆಂದು ಬೀಳುತ್ತದೆ. ನಾವು ಆ ತೂತಿಗೆ ಪ್ಲಗ್ಗು ಚುಚ್ಚಿ, ಯಾರು ಬೇಕು ಎಂದು ಕೇಳಿ, ಇನ್ನೊಂದು ಪ್ಲಗ್ಗನ್ನು ಅವರು ಹೇಳಿದ ನಂಬರಿಗೆ ಚುಚ್ಚಿ, ಹಿಡಿ ತಿರುಗಿಸಿ ಆ ಕಡೆ ಗಂಟೆ ಮಾಡಬೇಕು. ಇಷ್ಟೇ ಕೆಲಸ. ಇಷ್ಟೇ ಕೆಲಸದಲ್ಲಿ ಏನೇನು ಕೆಡಬಹುದು ಎಂಬುದನ್ನು ನೋಡಲು ದೇವರು ನನ್ನನ್ನು ಅಲ್ಲಿಗೆ ಕಳಿಸಿದ್ದ.

ನಾನು ಸೇರಿದ ದಿನ ಗೌಡರು ಬೋರ್ಡಿನ ಹಿಂದೆ ಕೂತಿದ್ದರು. ಖಾಕಿ ಕೋಟು, ನಾಲ್ಕು ಜೇಬು. ಒಂದರಲ್ಲಿ ಒಗೆದು ಮಡಿಸಿದ ಬಟ್ಟೆಯ ತುಂಡು, ಇನ್ನೊಂದರಲ್ಲಿ ತೆಂಗಿನ ಗರಿಯ ಕಡ್ಡಿಗಳ ಒಂದು ಕಟ್ಟು. ರಿಸೀವರು ಒತ್ತಿ ಒತ್ತಿ ಬಲಗಿವಿ ಎಡಗಿವಿಗಿಂತ ಒಂದು ಬಣ್ಣ ಕೆಂಪು. ಬೋರ್ಡಿನ ಹಿಂಬಾಗಿಲು ತೆರೆಯುವ ಮುಂಚೆ ಅವರು ಕೈ ತೊಳೆದು ಒರೆಸಿಕೊಂಡು, ಬೆರಳ ಗಂಟಿನಿಂದ ಮರದ ಮೇಲೆ ಎರಡು ಸಲ ತಟ್ಟುತ್ತಿದ್ದರು, ಪರರ ಮನೆಯ ಬಾಗಿಲು ತಟ್ಟಿದ ಹಾಗೆ. ನಾನು ಇದನ್ನು ದೊಡ್ಡ ಭಕ್ತಿ ಎಂದುಕೊಂಡು ಒಂದು ವಾರ ನಾನೂ ತಟ್ಟಿದೆ. ಆಮೇಲೆ ಕೇಳಿದೆ.

"ಒಳಗೆ ಹಲ್ಲಿ ಇರ್ತದೆ. ಹೇಳದೆ ತೆಗೆದರೆ ಹೆದರಿ ವೈರಿನೊಳಗೆ ಓಡ್ತದೆ. ತಟ್ಟಿದರೆ ಅದರಷ್ಟಕ್ಕೆ ಹೋಗ್ತದೆ," ಎಂದರು. "ನೀ ಎಂಥ ಅಂದುಕೊಂಡೆ?"



ಅವರ ದಿನ ಬೆಳಿಗ್ಗೆ ಏಳಕ್ಕೆ ಶುರು. ಒಂದರಿಂದ ನಲವತ್ತೊಂದರವರೆಗೆ ಪ್ರತಿ ನಂಬರಿಗೂ ಒಂದು ಗಂಟೆ ಮಾಡಿ, ಎತ್ತಿದವರಿಗೆ ಒಂದೇ ಮಾತು: "ಉಟ್ಟಾ?" ಅವರ ಭಾಷೆಯಲ್ಲಿ ಅದು "ಇದೆಯಾ?" ಎಂದು. ಆ ಕಡೆಯಿಂದ "ಉಟ್ಟು" ಎಂದರೆ ಮುಗಿಯಿತು, ಮುಂದಿನ ನಂಬರು. ಇಲಾಖೆಯ ಯಾವ ಪುಸ್ತಕದಲ್ಲೂ ಈ ಕ್ರಮ ಇರಲಿಲ್ಲ. ಫೋನು ಕೆಟ್ಟರೆ ದೂರು ಬರುತ್ತದೆ, ಬಂದ ಮೇಲೆ ಹೋಗಿ ನೋಡುವುದು ನಿಯಮ. ಗೌಡರಿಗೆ ಆ ನಿಯಮವೇ ಅರ್ಥವಾಗುತ್ತಿರಲಿಲ್ಲ.

"ಕೆಟ್ಟ ಫೋನಿನಲ್ಲಿ ಕೆಟ್ಟಿದೆ ಅಂತ ಹೇಳೋದು ಹೆಂಗೆ ಮಾರಾಯ? ನಾವೇ ಕೇಳೊಕು."

ಊರು ಅವರಿಗೆ ತನ್ನ ತನ್ನ ಭಾಷೆಯಲ್ಲಿ ಉತ್ತರ ಕೊಡುತ್ತಿತ್ತು. ಐದನೇ ನಂಬರಿನ ಕೊಡವ ಅಮ್ಮ "ಉಂಡ್" ಎನ್ನುತ್ತಿದ್ದರು. ತಮಿಳರ ಜವಳಿ ಅಂಗಡಿಯಿಂದ "ಇರುಕ್ಕು ಸಾಮಿ." ಮರದ ಡಿಪೋದ ಸಾಹೇಬರು "ಹೈ ಗೌಡ್ರೇ, ಕಾಂ ಜಾತೈ?" ಎಂದು, ಇದೆ, ಎಲ್ಲಿಗೆ ಹೋದೀತು ಎಂಬ ಹಾಗೆ ನಗುತ್ತಿದ್ದರು. ಹದಿನಾರನೇ ನಂಬರಿನ ಎಸ್ಟೇಟಿನ ರೈಟರ್ ಹಾಜರಿ ಕೂಗುವ ಅಭ್ಯಾಸದವನು, "ಪ್ರೆಸೆಂಟ್ ಸಾರ್!" ಡಾಕ್ಟರು ಮಾತ್ರ ಬಾಯಿಯಲ್ಲಿ ಹಲ್ಲುಜ್ಜುವ ಬ್ರಷ್ಷಿಟ್ಟುಕೊಂಡು ಏನೋ ಎನ್ನುತ್ತಿದ್ದರು, ಗೌಡರು ಅದನ್ನು ಹೌದು ಎಂದು ತೆಗೆದುಕೊಳ್ಳುತ್ತಿದ್ದರು.

ಮೊದಲ ಸಲ ನನ್ನನ್ನು ಕೂರಿಸಿದಾಗ ನಾನು ವಿದ್ಯಾವಂತನ ಹಾಗೆ, "ನಮಸ್ಕಾರ, ಇದು ಎಕ್ಸ್‌ಚೇಂಜಿನಿಂದ ಪರೀಕ್ಷಾರ್ಥ ಕರೆ" ಎಂದೆ. ಐದನೇ ನಂಬರಿನ ಅಮ್ಮ, "ಅಯ್ಯೋ, ಯಾರಿಗೆ ಎಂಥ ಆಯ್ತು?" ಎಂದು ಅಳುವುದಕ್ಕೇ ಶುರು ಮಾಡಿದರು. ಗೌಡರು ನನ್ನ ಕೈಯಿಂದ ರಿಸೀವರು ಕಿತ್ತುಕೊಂಡು, "ಏನಿಲ್ಲೆ ಅಮ್ಮಾ, ಇವ ಹೊಳೆಯಾಚೆಯವ. ಉಟ್ಟಾ?" ಎಂದರು. "ಉಂಡ್, ಉಂಡ್," ಎಂದು ಅವರು ಸಮಾಧಾನದ ಉಸಿರುಬಿಟ್ಟದ್ದು ನನಗೂ ಕೇಳಿಸಿತು.

ಈ ಸುತ್ತು ಮುಗಿಯದೆ ಅವರು ತಿಂಡಿ ತಿನ್ನುತ್ತಿರಲಿಲ್ಲ. ಒಂದು ನಂಬರು ಉತ್ತರ ಕೊಡದಿದ್ದರೆ ನನ್ನನ್ನು ಬೋರ್ಡಿಗೆ ಕೂರಿಸಿ, ಕತ್ತಿ ಕೊಡೆ ಹಿಡಿದು, ಆ ಲೈನಿನ ಕಂಬಗಳನ್ನು ನೋಡುತ್ತ ನಡೆದೇಬಿಡುತ್ತಿದ್ದರು. ಬಂದ ಮೇಲೆಯೇ ತಿಂಡಿ, ಅದು ಸಂಜೆಯಾದರೂ ಸರಿ. ಆದರೆ ಅನೇಕ ಸಲ ಹೋಗುವ ಮೊದಲೇ ಗೊತ್ತಾಗಿರುತ್ತಿತ್ತು. ರಿಸೀವರನ್ನು ಕೆಂಪು ಕಿವಿಗೆ ಒತ್ತಿ, ಕಣ್ಣು ಮುಚ್ಚಿ, "ಹದಿನಾರಕ್ಕೆ ಸಿಲ್ವರ್ ಮರದ ಕೊಂಬೆ ತಾಗ್ತಾ ಉಟ್ಟು. ಒದ್ದೆ ಕೊಂಬೆ," ಎನ್ನುವರು. ಹೋಗಿ ನೋಡಿದರೆ ಅದೇ.

ಒಂದು ದೋಷದ ಪುಸ್ತಕ ಇತ್ತು. ಕಲಮುಗಳು: ನಂಬರು, ದೋಷ, ಕಾರಣ, ಪರಿಹಾರ, ಸಹಿ. ಅದರಲ್ಲಿ ಕಾರಣದ ಕಲಮನ್ನು ಖಾಲಿ ಬಿಡುವ ಹಾಗಿರಲಿಲ್ಲ. "ಮಳೆ" ಎಂದು ಬರೆಯುವ ಹಾಗಂತೂ ಇರಲೇ ಇಲ್ಲ. ಜುಲೈ ತಿಂಗಳ ಕೊಡಗಿನಲ್ಲಿ ಮಳೆ ಎಂದು ಬರೆಯದೆ ಇನ್ನೇನು ಬರೆಯುವುದು ಎಂದು ನಾನು ಒಮ್ಮೆ ವಾದಕ್ಕೆ ನಿಂತೆ.

"ಮಳೆ ನಲವತ್ತೊಂದಕ್ಕೂ ಬಿತ್ತು. ಕೆಟ್ಟದ್ದು ಒಂದೇ. ಆ ಒಂದಕ್ಕೆ ಎಂಥ ಆತ್ ಅಂತ ಬರಿ."

ನನ್ನ ಮೊದಲ ಆಯುಧಪೂಜೆಯ ಕಥೆಯೂ ಆ ಪುಸ್ತಕದಲ್ಲಿದೆ. ಗೌಡರು ಊರಿಗೆ ಹೋಗಿದ್ದರು. ನಾನು ಸ್ನಾನ ಮಾಡಿ, ಬೋರ್ಡಿಗೆ ಸೇವಂತಿಗೆ ಹಾರ ಹಾಕಿ, ಒಂದು ನಂಬರಿಗೆ ಹಚ್ಚಿ ಇನ್ನೊಂದಕ್ಕೆ ಬಿಟ್ಟರೆ ಎಲ್ಲಿ ಅಪಚಾರವಾದೀತೋ ಎಂಬ ಭಯದಿಂದ, ನಲವತ್ತೊಂದು ತೂತುಗಳಿಗೂ ಒಂದೊಂದಾಗಿ ಗಂಧ ಕುಂಕುಮ ಹಚ್ಚಿದೆ. ಬೆರಳು ಒಳಗೆ ಹೋಗದಲ್ಲಿ ಕಡ್ಡಿಯಿಂದ ಹಚ್ಚಿದೆ. ಮರುದಿನ ಯಾರ ಫೋನಿನಲ್ಲಿ ಕೇಳಿದರೂ ಒಗ್ಗರಣೆಗೆ ಸಾಸಿವೆ ಸಿಡಿದ ಸದ್ದು. ಗೌಡರು ಬಂದರು, ಒಂದು ಪ್ಲಗ್ಗು ಎಳೆದು ನೋಡಿದರು. ತುದಿ ಮದುಮಗಳ ಹಣೆಯ ಹಾಗೆ ಕೆಂಪಾಗಿತ್ತು. ನಾನು ಕೆಲಸ ಹೋಯಿತೆಂದು ಲೆಕ್ಕ ಹಾಕಿ, ಹೆಂಡತಿಗೆ ಏನು ಹೇಳಬೇಕೆಂಬುದನ್ನೂ ಮನಸ್ಸಿನಲ್ಲೇ ಬರೆದುಕೊಂಡೆ.

"ಪೂಜೆ ಹಣೆಗೆ ಮಾಡು ಮಾರಾಯ, ಬಾಯಿಗೆ ಬೇಡ," ಎಂದರು. ಜೇಬಿನಿಂದ ತೆಂಗಿನ ಕಡ್ಡಿಗಳನ್ನೂ ಬಟ್ಟೆಯನ್ನೂ ತೆಗೆದು ನನ್ನ ಕೈಗಿಟ್ಟರು. ಕಡ್ಡಿಯ ತುದಿಗೆ ಬಟ್ಟೆ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಮೂರು ದಿನ ನಾನು ತೂತುಗಳನ್ನು ತೊಳೆದೆ. ಪುಸ್ತಕದಲ್ಲಿ ಅವರೇ ಬರೆದರು. ದೋಷ: ಎಲ್ಲಾ ನಂಬರಿನಲ್ಲಿ ಕರಕರ. ಕಾರಣ: ಭಕ್ತಿ.

ಲೈನುಗಳ ವಿವರ ಬರೆದ ಪುಸ್ತಕ ಎರಡು ಪ್ರತಿ ಇತ್ತು: ಯಾವ ತಂತಿ ಯಾವ ಕಂಬದಿಂದ ಎಲ್ಲಿಗೆ, ಯಾವ ಬಣ್ಣದ ಎಳೆ ಯಾರದು. ಒಂದು ಎಕ್ಸ್‌ಚೇಂಜಿನ ಕಪಾಟಿನಲ್ಲಿ, ಇನ್ನೊಂದು ಪೇಟೆಯ ಆ ತುದಿಯಲ್ಲಿ ಅವರಿದ್ದ ಬಾಡಿಗೆ ಮನೆಯ ಅಕ್ಕಿ ಡಬ್ಬದ ಮೇಲೆ. ಇಲ್ಲಿ ಬೆಂಕಿ ಬಿದ್ದರೆ ಅಲ್ಲಿ ಇರಲಿ ಎಂದು. ಇಷ್ಟು ಮುಂದಾಲೋಚನೆ ನನ್ನಂಥ ಪುಕ್ಕಲನಿಗೂ ಬಂದೀತು. ಆದರೆ ಅವರು ತಿಂಗಳಿಗೊಂದು ದಿನ ಕಪಾಟಿಗೆ ಬೀಗ ಹಾಕಿ, ಮನೆಯ ಪ್ರತಿಯನ್ನೇ ತಂದು, ಇಡೀ ದಿನ ಅದರಿಂದಲೇ ಕೆಲಸ ಮಾಡುತ್ತಿದ್ದರು. "ಇನ್ನೊಂದು ಉಟ್ಟು ಅಂತ ಇಟ್ಟುಕೊಂಡರೆ ಆತಾ? ಅದು ನಡೀತದಾ ಅಂತ ನೋಡೊಕು." ಹಾಗೆ ನೋಡಿದ ಒಂದು ದಿನ, ಮನೆಯ ಪ್ರತಿಯಲ್ಲಿ ನಾನು ಮೂರು ತಿಂಗಳಿಂದ ಏನನ್ನೂ ಏರಿಸಿಲ್ಲ ಎಂಬುದು ಬಯಲಾಯಿತು. ಅಂದು ಅವರು ಬೈದದ್ದು ಅರೆಭಾಷೆಯಲ್ಲಿ. ಅರ್ಧ ತಿಳಿಯಲಿಲ್ಲ, ತಿಳಿದ ಅರ್ಧವೇ ಧಾರಾಳವಾಗಿತ್ತು.

ಊರಿನ ಗುಟ್ಟೆಲ್ಲ ಅವರ ಕೆಂಪು ಕಿವಿಯ ಮೂಲಕ ಹೋಗುತ್ತಿತ್ತು. ಚಾವಡಿಯಲ್ಲಿ ಯಾರಾದರೂ ಮೆಲ್ಲಗೆ, "ಒಂಬತ್ತನೇ ನಂಬರಿನವರು ಮೂರು ದಿನದಿಂದ ಮಡಿಕೇರಿಗೆ ಮಾತಾಡ್ತಾ ಇದ್ದಾರಂತಲ್ಲ ಗೌಡ್ರೇ, ಹುಡುಗಿ ವಿಷಯವಾ, ತೋಟದ ವಿಷಯವಾ?" ಎಂದು ಎಳೆದರೆ, "ನಾನು ದಾರಿ ಮಾರಾಯ. ದಾರಿಗೆ ಎಂಥ ಗೊತ್ತಾಗ್ತದೆ, ಯಾರು ಯಾಕೆ ಹೋದರು ಅಂತ?" ಎಂದು ಎದ್ದುಬಿಡುತ್ತಿದ್ದರು. ಪ್ಲಗ್ಗು ಚುಚ್ಚಿ ಎರಡೂ ಕಡೆಯವರು ಮಾತು ಶುರು ಮಾಡಿದರೆಂದರೆ ರಿಸೀವರನ್ನು ಎದೆಯ ಮೇಲೆ ಬೋರಲು ಹಾಕಿಕೊಳ್ಳುವರು. ನಾನು ಅಷ್ಟು ಒಳ್ಳೆಯವನಲ್ಲ. ಒಂಬತ್ತನೇ ನಂಬರಿನದು ಹುಡುಗಿಯ ವಿಷಯವೇ.

ನನ್ನ ಚಿಂತೆಯ ರೋಗ ಅವರಿಗೆ ಎರಡನೇ ತಿಂಗಳಿಗೇ ತಿಳಿದಿತ್ತು. ಬೀಗ ಹಾಕಿ, ನಾಲ್ಕು ಹೆಜ್ಜೆ ನಡೆದು, ಹಿಂದೆ ಬಂದು ಬೀಗ ಎಳೆದು ನೋಡಿ, ಮತ್ತೆ ನಾಲ್ಕು ಹೆಜ್ಜೆ ನಡೆಯುವವನು ನಾನು. ಬೇರೆಯವರು ನಗುತ್ತಿದ್ದರು. ಅವರು ಒಂದು ನೋಟ್‌ಬುಕ್ಕು ತಂದುಕೊಟ್ಟರು.

"ನಿನ್ನ ಹೆದರಿಕೆ ನಂಗೆ ಬೇಕು. ತಲೇಲಿ ಇಟ್ಟುಕೊಳ್ಳಬೇಡ, ಬರಿ. ಬರೆದ ಮೇಲೆ ಅದು ಹೆದರಿಕೆ ಅಲ್ಲ, ಕೆಲಸ."

ಬರೆದೆ. ನವಸಾಗರದ ನೀರು ತುಂಬಿದ ಗಾಜಿನ ಬ್ಯಾಟರಿ ಭರಣಿ ಒಡೆದರೆ ಎಂದು ಬರೆದೆ. ಎರಡು ಭರಣಿ ಹೆಚ್ಚಿಗೆ ಬಂದವು. ಇಲಿ ಎಂದು ಬರೆದೆ, ಬೆಕ್ಕು ಬಂತು. ಬೆಕ್ಕು ಬೋರ್ಡಿನೊಳಗೆ ಮರಿ ಹಾಕಿದರೆ ಎಂದು ಬರೆದೆ. "ಇದು ಸ್ವಲ್ಪ ಜಾಸ್ತಿ ಆತ್," ಎಂದರು. ಮುಂದಿನ ತಿಂಗಳು ಬೆಕ್ಕು ಬೋರ್ಡಿನೊಳಗೇ ಮರಿ ಹಾಕಿತು. ಆಮೇಲೆ ಅವರು ನನ್ನ ನೋಟ್‌ಬುಕ್ಕಿನ ಯಾವ ಸಾಲಿಗೂ ನಗಲಿಲ್ಲ. ನನ್ನ ಪುಕ್ಕಲುತನದಿಂದ ಒಬ್ಬರಿಗಾದರೂ ಉಪಯೋಗವಾಗುತ್ತದೆ ಎಂದು ಇಪ್ಪತ್ತೆಂಟನೇ ವಯಸ್ಸಿಗೆ ಮೊದಲ ಸಲ ತಿಳಿದದ್ದು ಹಾಗೆ. ಆ ಭಾಗ್ಯ ಆಮೇಲೆ ಮತ್ತೆ ಸಿಗಲಿಲ್ಲ, ಮನೆಯಲ್ಲಂತೂ ಸಿಗಲಿಲ್ಲ.

ಅವರಿಗೆ ಇದ್ದದ್ದು ಒಂದೇ ಆಸೆ, ಹೊಸ ಬೋರ್ಡು. ಹಳೆಯದರ ಪ್ಲಗ್ಗಿನ ಹಗ್ಗಗಳು ಸವೆದು, ಮುಚ್ಚಳಗಳು ಸಡಿಲವಾಗಿ, ಗಂಟೆ ಮಾಡಿದರೆ ಆ ಕಡೆ ಮುದುಕ ಕೆಮ್ಮಿದ ಹಾಗೆ ಕೇಳುತ್ತಿತ್ತು. ಹನ್ನೊಂದು ವರ್ಷ ಅರ್ಜಿ ಬರೆದರು. ಮಂಜೂರಾಯಿತು ಎಂಬ ಕಾಗದ ಬಂದದ್ದು ಅವರು ಐವತ್ತೈದು ತುಂಬಿ ನಿವೃತ್ತರಾಗುವ ತಿಂಗಳು. ಬೋರ್ಡು ಬರುವುದು ಇನ್ನೊಂದು ವರ್ಷಕ್ಕೆ. ಕೊನೆಯ ದಿನ ಕಪಾಟಿನ ಕೀಲಿಯನ್ನೂ ಅಕ್ಕಿ ಡಬ್ಬದ ಮೇಲಿನ ಪ್ರತಿಯನ್ನೂ ನನಗೆ ಕೊಟ್ಟು, ಹಳೆಯ ಬೋರ್ಡಿನ ಹಿಂಬಾಗಿಲನ್ನು ಎರಡು ಸಲ ತಟ್ಟಿ, ತೆರೆಯದೆ, ಬಸ್ಸಿಗೆ ಹೋದರು.

ಅವರ ಊರು ಏಳು ಮೈಲಿ. ಅಲ್ಲಿ ಕಾಕನ ಅಂಗಡಿಯಲ್ಲಿ ಅಂಚೆಯ ಶಾಖೆ, ಅದರಲ್ಲೊಂದು ಸಾರ್ವಜನಿಕ ಫೋನು. ಅದು ನಮ್ಮ ಇಪ್ಪತ್ತೇಳನೇ ನಂಬರು. ಅವರು ಹೋದ ಮರುದಿನ ಏಳಕ್ಕೆ ನಾನು ಒಬ್ಬನೇ ಕೂತು, ಒಂದರಿಂದ ಶುರುಮಾಡಿ ಇಪ್ಪತ್ತೇಳಕ್ಕೆ ಬಂದೆ. "ಉಟ್ಟಾ?" ಎಂದೆ. ಪ್ರತಿದಿನ "ಉಂಡು, ಉಂಡು" ಎಂದು ಎರಡು ಸಲ ಹೇಳುವ ಕಾಕನ ಬದಲು ಬೇರೊಂದು ಗಂಟಲು, "ಉಟ್ಟು," ಎಂದಿತು. ಅಷ್ಟೇ. ಇಟ್ಟುಬಿಟ್ಟರು. ಅಂದಿನಿಂದ ದಿನವೂ ಅದೇ. ತಲೆ ಬಾಚಿ, ಕೋಟು ಹಾಕಿಕೊಂಡು ಏಳಕ್ಕೆ ಹತ್ತು ನಿಮಿಷ ಮೊದಲೇ ಬಂದು ನಿಲ್ಲುತ್ತಾರೆ ಎಂದು ಕಾಕ ಹೇಳುತ್ತಿದ್ದ. ಒಂದು ವರ್ಷದಲ್ಲಿ ಒಂದೇ ದಿನ ಒಂದು ಮಾತು ಹೆಚ್ಚಿಗೆ ಆಡಿದರು: "ಹದಿನಾರರ ಕೊಂಬೆ ಕಡಿದರಾ?"

ಸುಗ್ಗಿಯ ಹುತ್ತರಿ ಹಬ್ಬ ಕಳೆದ ಮೇಲೆ ಒಂದು ಭಾನುವಾರ ಬೋರ್ಡು ಬದಲಿಸುವುದೆಂದು ನಿಶ್ಚಯವಾಯಿತು. ಹಳೆಯ ಕೋಣೆಯಿಂದ ಹೊಸ ಕಟ್ಟಡಕ್ಕೆ ನಲವತ್ತೊಂದು ಲೈನುಗಳನ್ನೂ ಒಂದೇ ಬೆಳಿಗ್ಗೆ ಕತ್ತರಿಸಿ ಸೇರಿಸಬೇಕು. ಏಳಕ್ಕೆ ಶುರು, ಹನ್ನೊಂದಕ್ಕೆ ಮುಗಿಯಬೇಕು. ನಾನು ಮೂವತ್ತೆಂಟು ಹೆದರಿಕೆಗಳ ನೋಟ್‌ಬುಕ್ಕು ಹಿಡಿದು ಅವರ ಮನೆಗೆ ಹೋದೆ. ಅವರ ಹೆಂಡತಿ ಬೆಲ್ಲದ ಕಾಫಿ ಕೊಟ್ಟು, "ಇವ್ರಿಗೆ ರಾತ್ರಿ ಎಲ್ಲಾ ಇದೇ ಕನಸು," ಎಂದರು. ಗೌಡರು ಕನ್ನಡಕ ಹಾಕಿಕೊಂಡು ಮೂವತ್ತೆಂಟಕ್ಕೂ ಪಕ್ಕದಲ್ಲಿ ಒಂದೊಂದು ಮದ್ದು ಬರೆದರು. ಊರಿಗೆಲ್ಲ ಹಂಚಬೇಕಾದ ಸೂಚನೆಯನ್ನೂ ಅವರೇ ಬರೆದುಕೊಟ್ಟರು: ಎಕ್ಸ್‌ಚೇಂಜಿನಿಂದ ಮೊದಲ ಗಂಟೆ ಬರುವವರೆಗೆ ಯಾರೂ ಫೋನಿನ ಹಿಡಿ ತಿರುಗಿಸಬಾರದು. ಎಲ್ಲರೂ ಒಟ್ಟಿಗೆ ತಿರುಗಿಸಿದರೆ, ಮುಚ್ಚಳಗಳೆಲ್ಲ ಒಟ್ಟಿಗೆ ಬಿದ್ದು, ಯಾರ ಲೈನು ಬಂತು ಯಾರದು ಬಂದಿಲ್ಲ ಎಂದೇ ತಿಳಿಯುವುದಿಲ್ಲ.

"ಅವತ್ತು ನೀವು ಬಂದುಬಿಡಿ ಗೌಡ್ರೇ," ಎಂದೆ. "ನೀವು ಒಂದು ಮೂಲೇಲಿ ಸುಮ್ಮನೆ ಕೂತಿದ್ದರೂ ಸಾಕು."

"ಇಲ್ಲೆ. ನಾನು ಅಲ್ಲಿದ್ದರೆ ನೀನು ನನ್ನ ಮುಖ ನೋಡ್ತೀ, ಬೋರ್ಡು ನೋಡೋದಿಲ್ಲ." ಕನ್ನಡಕ ತೆಗೆದು ಒರೆಸಿದರು. "ನಾನು ಈ ತುದೀಲಿ ಇರ್ತೇನೆ. ನೀನು ಗಂಟೆ ಮಾಡು. ಹೊಸ ಬೋರ್ಡಿಂದು ಹೆಂಗೆ ಕೇಳ್ತದೆ ಅಂತ ನಂಗೂ ಕೇಳೊಕು. ಅಷ್ಟೇ ಸಾಕು ನಂಗೆ."

ಅವರು ನನ್ನಿಂದ ಕೇಳಿದ್ದು ಅದೊಂದನ್ನೇ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲೇ ಎಂದು ಒಂದು ಕ್ಷಣ ಪೆನ್ನು ತೆಗೆದೆ. ಇದನ್ನೂ ಬರೆದುಕೊಳ್ಳಬೇಕೆ, ಮರೆಯುವಂಥದ್ದೇ ಎಂದು ಪೆನ್ನನ್ನು ಜೇಬಿಗೆ ಹಾಕಿದೆ.

ಆ ಭಾನುವಾರ ಎಲ್ಲವೂ ಸರಿಯಾಗಿ ನಡೆಯಿತು. ಹಾಗೆ ನಡೆದದ್ದು ನನಗೆ ಒಂದು ತರಹದ ದಿಗಿಲನ್ನೇ ಹುಟ್ಟಿಸಿತು. ಜೇನು ಏಳಲಿಲ್ಲ, ಏಣಿ ಜಾರಲಿಲ್ಲ, ಯಾರೂ ಸಾಯಲಿಲ್ಲ. ಹತ್ತೂವರೆಗೆ ಕೊನೆಯ ತಂತಿ ಸೇರಿತು. ನಾನು ಹೊಸ ಬೋರ್ಡಿನ ಮುಂದೆ ಕೂತು ಸುತ್ತು ಶುರುಮಾಡಿದೆ. ಒಂದು, ಎರಡು, ಮೂರು. "ಉಂಡ್." "ಇರುಕ್ಕು ಸಾಮಿ." "ಪ್ರೆಸೆಂಟ್ ಸಾರ್!" ಇಪ್ಪತ್ತಾರಾಯಿತು. ಇಪ್ಪತ್ತೇಳರ ತೂತಿನ ಹತ್ತಿರ ಕೈ ಹೋದಾಗ, ಇದೊಂದು ಕೊನೆಗೆ ಇರಲಿ ಎನ್ನಿಸಿತು. ಎಲ್ಲ ನಂಬರೂ ಬಂದಿವೆ ಎಂದು ಹೇಳುವ ಹಾಗೆ ಆದ ಮೇಲೆ, ಅವಸರವಿಲ್ಲದೆ ಮಾತಾಡೋಣ. ಅವತ್ತಾದರೂ "ಉಟ್ಟು" ಎಂದು ಇಟ್ಟುಬಿಡದೆ ಎರಡು ಮಾತು ಹೆಚ್ಚಿಗೆ ಆಡಿಯಾರು. ಇಪ್ಪತ್ತೆಂಟಕ್ಕೆ ಹೋದೆ.

ನಲವತ್ತೊಂದು ಮುಗಿಯುವುದಕ್ಕೂ ಇಲಾಖೆಯ ದೊಡ್ಡ ಸಾಹೇಬರ ಜೀಪು ಬರುವುದಕ್ಕೂ ಸರಿಹೋಯಿತು. ಅದೇ ಹೊತ್ತಿಗೆ ಊರಿನವರಿಗೆ ತಾಳ್ಮೆ ಮುಗಿದು, ಹೊಸ ಬೋರ್ಡು ಹೇಗಿದೆ ಎಂದು ಕೇಳಲು ಮರದ ಡಿಪೋ ಒಂದು ಕಡೆಯಿಂದ, ಡಾಕ್ಟರು ಒಂದು ಕಡೆಯಿಂದ ಹಿಡಿ ತಿರುಗಿಸತೊಡಗಿದರು. ಮುಚ್ಚಳಗಳು ಹುರಿದ ಜೋಳದ ಹಾಗೆ ಟಪಟಪ ಬಿದ್ದವು. ಸಾಹೇಬರು ನನ್ನ ಕೈ ಕುಲುಕಿದರು. ಯಾರೋ ಬೂಂದಿ ಲಾಡು ತಂದರು. ನಾನು ಎರಡು ತಿಂದೆ. ಮೂರು, ಇದ್ದರೂ ಇರಬಹುದು.

ನಾಲ್ಕು ಗಂಟೆಗೆ ಬಾಗಿಲಲ್ಲಿ ನೆರಳು ಬಿತ್ತು. ಖಾಕಿ ಕೋಟು, ಕಂಕುಳಲ್ಲಿ ಕೊಡೆ, ಸೊಂಟದಲ್ಲಿ ಕತ್ತಿ. ಪಂಚೆಯ ಅಂಚಿನ ತುಂಬ ಹುಲ್ಲಿನ ಮುಳ್ಳು.

"ಇಪ್ಪತ್ತೇಳು ಇಲ್ಲೆ," ಎಂದರು ಗೌಡರು.

ನಾನು ಎದ್ದು ನಿಂತೆ. ಬಾಯಿಯಲ್ಲಿ ಲಾಡಿನ ಸಿಹಿ ಇನ್ನೂ ಇತ್ತು.

"ಏಳರಿಂದ ನಿಂತಿದ್ದೆ. ಹನ್ನೊಂದಾತ್, ಗಂಟೆ ಬರಲಿಲ್ಲ. ಲೈನು ಹೋಗಿರೊಕು ಅಂತ ಕಂಬ ನೋಡ್ತಾ ಬಂದೆ. ಕಂಬ ಎಲ್ಲಾ ಸರಿ ಉಟ್ಟು. ಗದ್ದೆ ಹತ್ರ ಒಂದು ಬಳ್ಳಿ ಹತ್ತಿತ್ತು, ಕಡಿದೆ. ತಂತಿಯೂ ಸರಿ ಉಟ್ಟು. ನಿಂಗೆ ಇಲ್ಲಿ ಎಂಥ ಆತ್ ನೋಡೊಕು."

"ನೀವು... ನೀವೇ ಒಂದು ಸಲ ಹಿಡಿ ತಿರುಗಿಸಿದ್ದರೆ..."

"ತಿರುಗಿಸಬಾರದು ಅಂತ ಬರೆದದ್ದು ನಾನೇ ಅಲ್ವಾ?" ಎಂದರು, ನಿಜವಾಗಿಯೂ ಆಶ್ಚರ್ಯಪಟ್ಟು.

ಕೈ ತೊಳೆದು ಬಂದರು. ಬಟ್ಟೆ ತೆಗೆದು ಒರೆಸಿಕೊಂಡರು. ಹೊಸ ಬೋರ್ಡಿನ ಹಿಂಬಾಗಿಲನ್ನು ಎರಡು ಸಲ ತಟ್ಟಿ, ತೆರೆದು, ಇಪ್ಪತ್ತೇಳರ ಎಳೆಯನ್ನು ಬೆರಳಿನಿಂದ ಹಿಡಿದು ಉದ್ದಕ್ಕೂ ನೋಡಿದರು. ಮುಚ್ಚಿದರು. ಮುಂದೆ ಬಂದು ಸ್ಟೂಲಿನ ಮೇಲೆ ಕೂತು, ಪ್ಲಗ್ಗು ಚುಚ್ಚಿ, ಹಿಡಿ ತಿರುಗಿಸಿದರು.

"ಉಟ್ಟಾ?"

"ಉಂಡು, ಉಂಡು!" ಕಾಕನ ಗಂಟಲು ಕೋಣೆಗೆಲ್ಲ ಕೇಳಿಸಿತು. "ಎಕ್ಸ್‌ಚೇಂಜಾ? ಇಷ್ಟೊತ್ತು ಎಲ್ಲಿ ಹೋಗಿದ್ರಿ? ಗೌಡರು ಇಲ್ಲ, ಲೈನು ನೋಡ್ಲಿಕ್ಕೆ ಹೋಗಿದ್ದಾರೆ. ಪಾಪ, ಬೆಳಗ್ಗೆಯಿಂದ ಏನೂ ತಿಂದಿಲ್ಲ."

"ಬಂದರೆ ಹೇಳು," ಎಂದರು ಗೌಡರು, "ಲೈನು ಸರಿ ಉಟ್ಟು ಅಂತ."

ಪ್ಲಗ್ಗು ಎಳೆದರು. ನನ್ನ ಕಡೆ ತಿರುಗಲಿಲ್ಲ. ಅವರ ಕಣ್ಣು ಮೇಜಿನ ಮೇಲಿದ್ದ ದೋಷದ ಪುಸ್ತಕದ ಮೇಲಿತ್ತು. ಆ ಕ್ಷಣದಲ್ಲಿ ನನಗೆ ಹೊಳೆದ ಸುಳ್ಳುಗಳು ಮೂವತ್ತೆಂಟಕ್ಕೆ ಕಡಿಮೆ ಇರಲಿಲ್ಲ. ಪ್ಲಗ್ಗು ಸಡಿಲ ಇತ್ತು, ಮುಚ್ಚಳ ಅಂಟಿಕೊಂಡಿತ್ತು, ಈಗಷ್ಟೇ ಸರಿಮಾಡಿದೆ. ಯಾವುದನ್ನು ಹೇಳಿದರೂ ಅವರು ನಂಬುತ್ತಿದ್ದರು. ನಂಬಿ, ಹಿಂಬಾಗಿಲು ತೆರೆದು, ಇಲ್ಲದ ದೋಷವನ್ನು ಕತ್ತಲಾಗುವವರೆಗೆ ಹುಡುಕುತ್ತಿದ್ದರು.

"ನಿಮ್ಮನ್ನ ಕೊನೆಗೆ ಅಂತ ಇಟ್ಕೊಂಡಿದ್ದೆ ಗೌಡ್ರೇ," ಎಂದೆ. "ಎಲ್ಲಾ ಮುಗಿಸಿ ನಿಧಾನವಾಗಿ ಮಾತಾಡೋಣ ಅಂತ. ಆಮೇಲೆ... ಜೀಪು ಬಂತು."

ಒಂದು ಮುಚ್ಚಳ ಬಿತ್ತು. ಗೌಡರು ತಾವೇ ಎತ್ತಿ, ಯಾರನ್ನೋ ಯಾರಿಗೋ ಸೇರಿಸಿ, ರಿಸೀವರನ್ನು ಎದೆಗೆ ಬೋರಲು ಹಾಕಿಕೊಂಡರು. ಆಮೇಲೆ ಪುಸ್ತಕ ಎಳೆದುಕೊಂಡು, ನನ್ನ ಜೇಬಿನಿಂದ ಪೆನ್ನು ತೆಗೆದು, ತಾವೇ ಬರೆದರು. ಪರಿಹಾರದ ಕಲಮಿಗೆ ಬಂದಾಗ ಪೆನ್ನನ್ನು ನನಗೆ ಕೊಟ್ಟರು.

"ಇದು ನಾಳೆ ಏಳಕ್ಕೆ ನೀನೇ ಬರಿ." ಕೊಡೆ ತೆಗೆದುಕೊಂಡರು. "ಆ ಲಾಡು ಉಳಿದದ್ದು ಉಟ್ಟಾ? ಬಸ್ಸಿಗೆ ಇನ್ನೂ ಅರ್ಧ ಗಂಟೆ ಉಟ್ಟು."

ಕಾಗದದಲ್ಲಿ ಒಂದೇ ಉಳಿದಿತ್ತು. ಕೊಟ್ಟೆ.

ಮರುದಿನ ಏಳಕ್ಕೆ ನನ್ನ ಮೊದಲ ಗಂಟೆ ಒಂದಕ್ಕಲ್ಲ, ಇಪ್ಪತ್ತೇಳಕ್ಕೆ. ಅವರು ಕೂಡಲೇ ಎತ್ತಲಿಲ್ಲ. ಗಂಟೆ ಪೂರ್ತಿ ಮುಗಿಯುವವರೆಗೆ ಬಿಟ್ಟು, ಕೇಳಿ, ಆಮೇಲೆ ಎತ್ತಿದರು. "ಚೆನ್ನಾಗುಟ್ಟು," ಎಂದರು. ಇಟ್ಟುಬಿಟ್ಟರು. ನಾನು ಅಲ್ಲಿದ್ದಷ್ಟು ವರ್ಷವೂ ಆ ಬೋರ್ಡಿನ ಮೊದಲ ಗಂಟೆ ಅವರಿಗೇ ಹೋಯಿತು.

ಆ ಪುಸ್ತಕ ಈಗ ಎಲ್ಲಿದೆಯೋ. ಯಾವುದೋ ಗೋಡೌನಿನಲ್ಲಿ ಗೆದ್ದಲಿಗೆ ಹೋಗಿರಬಹುದು, ಒದ್ದೆಯಾಗಿ ಮುದ್ದೆಯಾಗಿರಬಹುದು, ಒಲೆ ಹೊತ್ತಿಸಲು ಯಾರಾದರೂ ಒಯ್ದಿರಬಹುದು. ಕಾಕನ ಕಾರ್ಡು ಬಂದಂದಿನಿಂದ ಈ ಚಿಂತೆಯೂ ಒಂದು ಸೇರಿದೆ. ಅದಕ್ಕೆ ಇನ್ನೊಂದು ಪ್ರತಿ ಇರಲಿ ಎಂದು ಇಲ್ಲಿ ಬರೆದಿಡುತ್ತಿದ್ದೇನೆ. ಅಕ್ಷರ ಅವರದು, ದುಂಡಗೆ, ಒತ್ತಿ ಬರೆದದ್ದು. ನಂಬರು: ಇಪ್ಪತ್ತೇಳು. ದೋಷ: ಗಂಟೆ ಬರಲಿಲ್ಲ. ಕಾರಣ: ಕೊನೆಗೆ ಅಂತ ಇಟ್ಟುಕೊಂಡದ್ದು.